ಕಂಪ್ಯೂಟರ್‌ಗೆ ಆಗದ ಕೆಲಸವನ್ನು ಮೊದಲೇ ಗುರುತಿಸುವುದು ಹೇಗೆ?

ಕೋಲಾರದ ಟೊಮೆಟೊ ಮಂಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಕೋಡ್‌ಗೆ ಕೈ ಹಾಕುವ ಮುಂಚೆ, ಗಿರಾಕಿ ಕೇಳಿದ್ದನ್ನು ಹಾಳೆಯ ಮೇಲೆ ಒಂದೇ ಸಾಲಲ್ಲಿ ಬರೆಯಿರಿ. 'ಎಲ್ಲಕ್ಕಿಂತ', 'ಯಾವುದೇ', 'ತಕ್ಷಣ' ಅನ್ನುವ ಪದ ಕಂಡರೆ ಕೆಳಗೆ ಗೆರೆ ಎಳೆಯಿರಿ.

'ಎಲ್ಲಕ್ಕಿಂತ' ಇದ್ದರೆ ಎಣಿಸಿ ನೋಡಿ. ಮಂಡಿಯಿಂದ ಹೊರಟ ಗಾಡಿ ವೇಮಗಲ್, ಹೋಳೂರು, ಸುಗಟೂರು ಅಂತ 10 ಊರು ಸುತ್ತಿ ವಾಪಸ್ ಬರಬೇಕು, ಎಲ್ಲಕ್ಕಿಂತ ಹತ್ತಿರದ ದಾರಿ ಬೇಕು ಅನ್ನಿ. ಒಟ್ಟು ದಾರಿಗಳು 18 ಲಕ್ಷ ಚಿಲ್ಲರೆ. ಅಷ್ಟನ್ನೂ ಒಂದೊಂದಾಗಿ ನೋಡುವುದು ಕಂಪ್ಯೂಟರ್‌ಗೆ ಸುಲಭ. 20 ಊರಾದರೆ? ಸೆಕೆಂಡಿಗೆ 100 ಕೋಟಿ ದಾರಿ ನೋಡಿದರೂ 38 ವರ್ಷ ಬೇಕು. ಗಾಬರಿ ಬೇಡ, ಸೋತಿರುವುದು ನೀವು ಹಿಡಿದ ವಿಧಾನ ಮಾತ್ರ. ಅರ್ಧ ದಾರಿಗಳ ಉತ್ತರ ಬರೆದಿಟ್ಟುಕೊಂಡು ಮತ್ತೆ ಬಳಸುವ ಉಪಾಯವನ್ನು ಹೆಲ್ಡ್ ಮತ್ತು ಕಾರ್ಪ್ ಅನ್ನುವ ಇಬ್ಬರು ಸಂಶೋಧಕರು 1962ರಲ್ಲೇ ಕೊಟ್ಟಿದ್ದಾರೆ. 20 ಊರಿಗೆ ಅದು ಧಾರಾಳವಾಯಿತು. 100 ಊರಿಗೆ ಅದೂ ಸಾಲದು. ಆಗ 'ಹೆಚ್ಚುಕಮ್ಮಿ ಹತ್ತಿರದ ದಾರಿ ಸಾಕಾ?' ಅಂತ ಗಿರಾಕಿಯನ್ನೇ ಕೇಳಿ. ಡೀಸೆಲ್ ಉಳಿದರೆ ಯಾರೂ ಬೇಡ ಅನ್ನುವುದಿಲ್ಲ.

'ಯಾವುದೇ' ಅನ್ನುವುದು ಇನ್ನೂ ಗಟ್ಟಿ ಗೋಡೆ. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಮುಗಿದು ನಿಲ್ಲುತ್ತದೋ, ಸುತ್ತುತ್ತಲೇ ಇರುತ್ತದೋ ಅಂತ ಮೊದಲೇ ಹೇಳುವ ಟೂಲ್ ಬೇಕು ಅಂತಾರೆ. ಅಂಥದ್ದು ಇದೆ ಅಂತಲೇ ಇಟ್ಟುಕೊಳ್ಳಿ. ಈಗ ಒಂದು ತರಲೆ ಪ್ರೋಗ್ರಾಂ ಬರೆಯಿರಿ. ಅದು ಟೂಲನ್ನು 'ನಾನು ನಿಲ್ತೀನಾ?' ಅಂತ ಕೇಳಲಿ. 'ನಿಲ್ತೀಯ' ಅಂದರೆ ಸುತ್ತುತ್ತಲೇ ಇರಲಿ. 'ನಿಲ್ಲಲ್ಲ' ಅಂದರೆ ಅಲ್ಲೇ ನಿಲ್ಲಲಿ. ಟೂಲ್ ಏನು ಹೇಳಿದರೂ ತಪ್ಪೇ ಅಲ್ವಾ? ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ತೋರಿಸಿಕೊಟ್ಟಿದ್ದು ಇದನ್ನೇ. ಎಷ್ಟು ದುಡ್ಡಿನ ಮೆಷಿನ್ ತಂದರೂ ಇದು ಬದಲಾಗುವುದಿಲ್ಲ. ನೀವೇ ಒಮ್ಮೆ ಹಾಳೆಯ ಮೇಲೆ ಮಾಡಿ ನೋಡಿ, ನನಗಂತೂ ಇಷ್ಟು ಚಂದದ ವಾದ ಇನ್ನೊಂದಿಲ್ಲ. ಕೆಲಸ ನಡೆಯಬೇಕಲ್ಲ, ಅದಕ್ಕೆ ಸಮಯದ ಮಿತಿ ಹಾಕಿ: 30 ಸೆಕೆಂಡಲ್ಲಿ ಮುಗಿಯದಿದ್ದರೆ ನಿಲ್ಲಿಸು.

'ತಕ್ಷಣ' ಅಂದರೆ ಸರ್ವರ್ ಎಲ್ಲಿದೆ ಕೇಳಿ. ಇಂಟರ್ನೆಟ್ ಸಾಗುವ ಗಾಜಿನ ಎಳೆಯಲ್ಲಿ (ಫೈಬರ್) ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. 14,000 ಕಿ.ಮೀ. ದೂರದ ಸರ್ವರ್‌ಗೆ ಹೋಗಿಬರಲು 140 ಮಿಲಿಸೆಕೆಂಡ್ ಬೇಕೇ ಬೇಕು. ಬೆಂಗಳೂರಲ್ಲಿದ್ದರೆ ಬೆಳಕಿನ ಓಡಾಟಕ್ಕೆ ಒಂದು ಮಿಲಿಸೆಕೆಂಡ್ ಸಾಕು. ಹರಾಜಿನ ರೇಟು, ತೂಕ ಇವನ್ನು ಮಂಡಿಯ ಕಂಪ್ಯೂಟರ್‌ನಲ್ಲೇ ಬರೆದುಕೊಂಡು ಆಮೇಲೆ ಕಳಿಸಿ.

ಕೊಟೇಶನ್ ಕೊಡುವಾಗ ಗೆರೆ ಎಳೆದ ಪದ ಒಂದೂ ಇರಬಾರದು. ಅದರ ಜಾಗದಲ್ಲಿ ಎಷ್ಟು ಊರು, ಎಷ್ಟು ಸೆಕೆಂಡು, ಎಷ್ಟು ಹೆಚ್ಚುಕಮ್ಮಿ ಅಂತ ಅಂಕಿ ಬರೆದು, ಗಿರಾಕಿಗೆ ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ.