‘ಡೌಟ್ ಇದೆಯಾ?’ ಅಂತ ಕೇಳೋದನ್ನು ನಿಲ್ಲಿಸಿದೆ

ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿದಾಗ ಪ್ರತಿ ಪಾಠದ ಕೊನೆಗೆ ‘ಏನಾದರೂ ಡೌಟ್ ಇದೆಯಾ?’ ಅಂತ ಕೇಳುತ್ತಿದ್ದೆ. ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲರಿಗೂ ಅರ್ಥವಾಗಿದೆ ಅಂದುಕೊಂಡು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆಮೇಲೆ ಅವರು ಬರೆದದ್ದನ್ನು ನೋಡಿದರೆ ಮತ್ತೆ ಅದೇ ತಪ್ಪು, ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’.

ಒಂದು ದಿನ ಪಾಠ ಮುಗಿದ ಮೇಲೆ ಒಬ್ಬರು ನನಗೊಬ್ಬಳಿಗೇ ಮೆಸೇಜ್ ಹಾಕಿದರು. ‘ಮೇಡಂ, ಚಿಕ್ಕ ವಿಷಯ, ಎಲ್ಲರ ಮುಂದೆ ಕೇಳಲು ನಾಚಿಕೆ ಆಯ್ತು. ಯೂನಿವರ್ಸಿಟಿ ಸ್ಪೆಲಿಂಗಿನ ಮೊದಲ ಅಕ್ಷರ ‘u’ ಸ್ವರ ಅಲ್ವಾ, ಅದಕ್ಕೆ ‘ಆ್ಯನ್’ ಯಾಕೆ ಬರಲ್ಲ?’

ಎಷ್ಟು ಒಳ್ಳೆಯ ಪ್ರಶ್ನೆ! ‘ಎ’, ‘ಆ್ಯನ್’ ನಿಂತಿರುವುದು ಇಂಗ್ಲಿಷಿನ ಸ್ಪೆಲಿಂಗ್ ಮೇಲೆ ಅಲ್ಲ, ಬಾಯಲ್ಲಿ ಬರುವ ಸದ್ದಿನ ಮೇಲೆ. ಕನ್ನಡದಲ್ಲಿ ಬರೆದು ನೋಡಿದರೆ ಕಣ್ಣಿಗೇ ಕಾಣುತ್ತದೆ: ‘ಯೂನಿವರ್ಸಿಟಿ’ ಶುರುವಾಗುವುದು ‘ಯ’ಕಾರದಿಂದ, ಅದಕ್ಕೇ ‘ಎ ಯೂನಿವರ್ಸಿಟಿ’. ಗಂಟೆ ಅನ್ನುವ ‘ಅವರ್’ (hour) ಸ್ಪೆಲಿಂಗಿನಲ್ಲಿ ‘h’ ಇದ್ದರೂ ಶುರುವಾಗುವುದು ‘ಅ’ ಸ್ವರದಿಂದ, ಅದಕ್ಕೇ ‘ಆ್ಯನ್ ಅವರ್’. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಮರುದಿನ ಈ ಪ್ರಶ್ನೆಯಿಂದಲೇ ಪಾಠ ಶುರು ಮಾಡಿದೆ. ‘ನನಗೂ ಇದೇ ಗೊಂದಲ ಇತ್ತು’ ಅಂತ ನಾಲ್ಕು ಜನ ಹೇಳಿದರು.

ಅಂದಿನಿಂದ ಡೌಟ್ ಕೇಳುವುದನ್ನು ಬಿಟ್ಟು, ಈ ವಾರ ನೀವು ಬರೆಯುವಾಗ ಕೈ ತಡೆದ ಒಂದು ವಾಕ್ಯ ತನ್ನಿ ಅನ್ನುತ್ತೇನೆ. ವ್ಯಾಕರಣದ ಹೆಸರುಗಳು ಗೊತ್ತಿರಬೇಕಿಲ್ಲ. ‘ಪ್ರೆಸೆಂಟ್ ಪರ್ಫೆಕ್ಟ್’ ಅಂದರೆ ಏನೆಂದು ತಿಳಿದ ಮೇಲೆಯೇ ಅದರ ಬಗ್ಗೆ ಕೇಳಬೇಕು ಅಂತ ಎಷ್ಟೋ ಜನ ಸುಮ್ನೆ ಕೂತಿದ್ದರು, ಪಾಪ. ಪ್ರಶ್ನೆ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಕೇಳಿದರೆ ಆ ಪ್ರಶ್ನೆಯೊಳಗಿನ ತಪ್ಪನ್ನು ನಾನು ತಿದ್ದುವುದಿಲ್ಲ. ಮೊದಲು ಒಮ್ಮೆ ಒಬ್ಬರ ಪ್ರಶ್ನೆಯನ್ನು ಹಾಗೆ ತಿದ್ದಿದ್ದೆ, ಅವರು ಮೂರು ವಾರ ಏನೂ ಕೇಳಲಿಲ್ಲ. ನನಗೆ ಇವತ್ತಿಗೂ ಅದು ಬೇಸರ.

ತಪ್ಪು ಎಲ್ಲಿಂದ ಬಂತು ಅಂತ ಹೇಳಿದರೆ ನಾಚಿಕೆ ಅರ್ಧ ಹೋಗುತ್ತದೆ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೇಲಿನ ‘ಸಿನ್ಸ್’ ವಾಕ್ಯವನ್ನೇ ತೆಗೆದುಕೊಳ್ಳಿ. ನಾವು ‘ಎರಡು ವರ್ಷದಿಂದ’ ಅನ್ನುತ್ತೇವೆ, ‘2019ರಿಂದ’ ಅಂತಲೂ ಅನ್ನುತ್ತೇವೆ, ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಎಷ್ಟು ಕಾಲ ಅನ್ನುವುದಕ್ಕೆ ‘ಫಾರ್’, ಯಾವಾಗ ಶುರು ಅನ್ನುವುದಕ್ಕೆ ‘ಸಿನ್ಸ್’. ಜೊತೆಗೆ ನಮ್ಮ ‘ಕೆಲಸ ಮಾಡುತ್ತಿದ್ದೇನೆ’ ನೇರವಾಗಿ ‘ಐ ಆ್ಯಮ್ ವರ್ಕಿಂಗ್’ ಆಗಿಬಿಡುತ್ತದೆ, ಅಲ್ಲಿ ಬೇಕಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್’. ದಡ್ಡತನದಿಂದ ಆಗುವ ತಪ್ಪಲ್ಲ ಇದು, ಕನ್ನಡ ಚೆನ್ನಾಗಿ ಬರುವವರೇ ಮಾಡುವ ತಪ್ಪು.

ಉತ್ತರ ತಕ್ಷಣ ಹೊಳೆಯದಿದ್ದರೆ ‘ನೋಡಿ ನಾಳೆ ಹೇಳುತ್ತೇನೆ’ ಅನ್ನುತ್ತೇನೆ, ಹೇಳಿಯೇ ಹೇಳುತ್ತೇನೆ. ಗೊತ್ತಿದ್ದರೂ ಈಗೀಗ ಸ್ವಲ್ಪ ಹೊತ್ತು ತಡೆಯುತ್ತೇನೆ. ಮೊನ್ನೆ ಒಬ್ಬರು ‘ಟಾಕ್ ಅಬೌಟ್’ ಸರಿ, ‘ಡಿಸ್ಕಸ್ ಅಬೌಟ್’ ಯಾಕೆ ತಪ್ಪು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ಯೂನಿವರ್ಸಿಟಿ ಪ್ರಶ್ನೆಯವರು, ಎಲ್ಲರ ಮುಂದೆ, ಹೇಳಿದರು: ‘ಡಿಸ್ಕಸ್ ಒಳಗೇ ‘ಬಗ್ಗೆ’ ಸೇರಿಕೊಂಡಿದೆ, ನಾವು ‘ಅದರ ಬಗ್ಗೆ ಚರ್ಚಿಸೋಣ’ ಅಂತ ಯೋಚಿಸಿ ಇನ್ನೊಂದು ‘ಬಗ್ಗೆ’ ಹಾಕುತ್ತೇವೆ.’