ಒಂದು ಪರದೆಗೆ ಎಷ್ಟು ಚಾರ್ಟ್ ಬೇಕು?

ವ್ಯವಹಾರದ ಮುಖ್ಯ ಅಂಕಿಗಳನ್ನು ಚಾರ್ಟ್‌ಗಳಲ್ಲಿ ತೋರಿಸುವ ಕಂಪ್ಯೂಟರ್ ಪರದೆಗೆ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ನಾನು ಮಾಡಿದ ಮೊದಲ ಡ್ಯಾಶ್‌ಬೋರ್ಡ್‌ನಲ್ಲಿ 23 ಚಾರ್ಟ್‌ಗಳಿದ್ದವು. ಮುಳ್ಳು ಅಲ್ಲಾಡುವ ಮೀಟರ್, ತ್ರೀಡಿ ಪೈ (ರೊಟ್ಟಿಯಂತೆ ತುಂಡು ಮಾಡಿದ ವೃತ್ತ), ಬಣ್ಣ ಬಳಿದ ಭೂಪಟ, ಏನುಂಟು ಏನಿಲ್ಲ! ತೋರಿಸಿದ ದಿನ ಎಲ್ಲರೂ ಭೇಷ್ ಎಂದರು. ಎರಡು ವಾರ ಬಿಟ್ಟು ನೋಡಿದರೆ, ಮಾರಾಟ ವಿಭಾಗದ ಮುಖ್ಯಸ್ಥರು ಬೆಳಗ್ಗೆ ಅದನ್ನು ತೆರೆದು, ಮೂಲೆಯಲ್ಲಿದ್ದ ಒಂದು ಟೇಬಲನ್ನು ಎಕ್ಸೆಲ್‌ಗೆ ಇಳಿಸಿಕೊಂಡು, ತಮಗೆ ಬೇಕಾದ ಲೆಕ್ಕವನ್ನು ತಾವೇ ಹಾಕಿಕೊಳ್ಳುತ್ತಿದ್ದರು. ಈ ತಿಂಗಳ ಗುರಿ ಮುಟ್ಟುತ್ತೇವೋ ಇಲ್ಲವೋ ಎಂಬುದಷ್ಟೇ ಅವರಿಗೆ ಬೇಕಿತ್ತು. ಅದನ್ನು ಹೇಳುವ ಚಾರ್ಟ್ ಆ 23ರಲ್ಲಿ ಒಂದೂ ಇರಲಿಲ್ಲ.

ಕುದುರೆ ಗಾಡಿಗಳ ಕಾಲದಲ್ಲಿ, ಗೊರಸಿನಿಂದ ಸಿಡಿಯುವ ಕೆಸರು ಗಾಡಿ ಹೊಡೆಯುವವನ ಮೈಗೆ ತಾಕದಂತೆ ಮುಂದೆ ನಿಲ್ಲಿಸುತ್ತಿದ್ದ ಹಲಗೆಗೆ ಡ್ಯಾಶ್‌ಬೋರ್ಡ್ ಎಂದು ಹೆಸರು. ನಾನು ಮಾಡಿದ್ದು ಕೆಸರನ್ನು ತಡೆಯುವುದಿರಲಿ, ತಾನೇ ಎರಚುತ್ತಿತ್ತು.

ಮೊದಲು ಕಾಗದ, ಆಮೇಲೆ ಸಾಫ್ಟ್‌ವೇರ್

ಪವರ್ ಬಿಐ, ಟ್ಯಾಬ್ಲೋ, ಎಕ್ಸೆಲ್ ಯಾವುದೇ ಇರಲಿ, ತೆರೆಯುವ ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಇದನ್ನು ಯಾರು ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ, ನೋಡಿದ ಮೇಲೆ ಏನು ತೀರ್ಮಾನ ಮಾಡುತ್ತಾರೆ. ಗೋದಾಮಿನ ಮೇಲ್ವಿಚಾರಕರಿಗೆ ಈ ಗಂಟೆಯ ಸ್ಥಿತಿ ಬೇಕು, ನಿರ್ದೇಶಕರಿಗೆ ಮೂರು ತಿಂಗಳ ದಿಕ್ಕು ಸಾಕು. ಇಬ್ಬರನ್ನೂ ಒಂದೇ ಪರದೆಯಲ್ಲಿ ಮೆಚ್ಚಿಸಲು ಹೋದರೆ ಇಬ್ಬರಿಗೂ ಉಪಯೋಗವಿಲ್ಲ.

'ಇದೂ ಇರಲಿ' ಎಂದು ಯಾರಾದರೂ ಒಂದು ಅಂಕಿಯನ್ನು ಸೇರಿಸಲು ಹೇಳಿದಾಗ ನಾನು ಕೇಳುವ ಪ್ರಶ್ನೆ ಒಂದೇ: ನಾಳೆ ಇದು ಅರ್ಧಕ್ಕೆ ಇಳಿದರೆ ನೀವು ಏನು ಮಾಡುತ್ತೀರಿ? ಉತ್ತರ ಬಾರದಿದ್ದರೆ ಆ ಅಂಕಿ ಮಾಸಿಕ ವರದಿಯಲ್ಲಿರಲಿ, ಡ್ಯಾಶ್‌ಬೋರ್ಡ್‌ಗೆ ಬೇಡ.

ಒಂಟಿ ಅಂಕಿಗೆ ಜೊತೆ ಹುಡುಕಿ

'ಈ ತಿಂಗಳ ಮಾರಾಟ 4,812' ಎಂದು ದೊಡ್ಡ ಅಕ್ಷರದಲ್ಲಿ ಬರೆದರೆ ಅದು ಒಳ್ಳೆಯದೋ ಕೆಟ್ಟದ್ದೋ ಯಾರಿಗೆ ಗೊತ್ತು? ಪಕ್ಕದಲ್ಲಿ ಗುರಿ ಇರಬೇಕು, ಇಲ್ಲವೇ ಹಿಂದಿನ ಅವಧಿಯ ಅಂಕಿ ಇರಬೇಕು. ಹಂಗಾಮಿನೊಂದಿಗೆ ಏರಿಳಿಯುವ ವ್ಯಾಪಾರವಾದರೆ ಹೋದ ತಿಂಗಳಿಗಿಂತ ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸುವುದು ನ್ಯಾಯ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪಿದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತು. ಹಿಂದಿನ ರಾತ್ರಿಯೇ ಎಂಜಿನಿಯರುಗಳು ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಉಂಗುರಗಳು ಕೈಕೊಡಬಹುದು ಎಂದು ಎಚ್ಚರಿಸಿದ್ದರು. ಆದರೆ ಉಂಗುರಕ್ಕೆ ಹಾನಿಯಾದ ಹಾರಾಟಗಳನ್ನಷ್ಟೇ ನೋಡಿದರೆ ಉಷ್ಣಾಂಶಕ್ಕೂ ಹಾನಿಗೂ ನಂಟು ಕಾಣುತ್ತಿರಲಿಲ್ಲ. ಹಾನಿಯಾಗದ ಹಾರಾಟಗಳನ್ನೂ ಸೇರಿಸಿ ನೋಡಿದ್ದು ದುರಂತದ ತನಿಖಾ ಆಯೋಗ. ಆಗ ಕಂಡದ್ದು ಇದು: ಸುಮಾರು 19 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ತೊಂದರೆಯಾದದ್ದು ಮೂರರಲ್ಲಿ ಮಾತ್ರ. ಸುಮಾರು 17 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದ ನಾಲ್ಕರಲ್ಲಿ ನಾಲ್ಕಕ್ಕೂ ತೊಂದರೆ.

ಕಚೇರಿಗಳಲ್ಲಿ ಈ ತಪ್ಪು ದಿನವೂ ನಡೆಯುತ್ತದೆ, ಯಾರ ಜೀವವೂ ಹೋಗುವುದಿಲ್ಲ ಅಷ್ಟೆ. ಯಾವ ಶಾಖೆಯಿಂದ ಹೆಚ್ಚು ದೂರು ಬಂದಿದೆ ಎಂದು ಚಾರ್ಟ್ ಹಾಕುತ್ತೇವೆ, ಅತಿ ದೊಡ್ಡ ಶಾಖೆಯೇ ತಪ್ಪಿತಸ್ಥನಾಗಿ ನಿಲ್ಲುತ್ತದೆ. ದೂರಿಲ್ಲದೆ ಮುಗಿದ ವ್ಯವಹಾರಗಳು ಎಷ್ಟು ಎಂಬುದು ಚಿತ್ರದಲ್ಲೇ ಇರುವುದಿಲ್ಲ. ಶಾಲೆಯಲ್ಲಿ ಕಲಿತ ಅಂಶ ಮತ್ತು ಛೇದ ನೆನಪಿರಲಿ. ಪ್ರತಿ 1,000 ವ್ಯವಹಾರಕ್ಕೆ ಎಷ್ಟು ದೂರು ಎಂದು ಲೆಕ್ಕ ಹಾಕಿ ನೋಡಿ, ಶಾಖೆಗಳ ಸಾಲು ಎಷ್ಟೋ ಸಲ ತಲೆಕೆಳಗಾಗುತ್ತದೆ.

ಯಾವ ಚಾರ್ಟ್?

1984ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಜನರಿಗೆ ಬಗೆಬಗೆಯ ಚಾರ್ಟ್ ತೋರಿಸಿ, ಅಂದಾಜಿನಲ್ಲಿ ಎಷ್ಟು ತಪ್ಪುತ್ತಾರೆ ಎಂದು ಅಳೆದರು. ಒಂದೇ ಅಳತೆಗೆರೆಯ ಮೇಲೆ ಎರಡು ವಸ್ತುಗಳ ಸ್ಥಾನ ಹೋಲಿಸುವಾಗ ಕಣ್ಣು ಕಡಿಮೆ ತಪ್ಪುತ್ತದೆ, ಕೋನ ಹೋಲಿಸುವಾಗ ಹೆಚ್ಚು ತಪ್ಪುತ್ತದೆ. ಪೈ ಚಾರ್ಟನ್ನು ಕಂಡರೆ ಈ ಕ್ಷೇತ್ರದವರು ಮೂಗು ಮುರಿಯುವುದಕ್ಕೆ ಮುಖ್ಯ ಕಾರಣ ಇದೇ. ತಮಾಷೆಯೆಂದರೆ ಬಾರ್ ಚಾರ್ಟ್ (1786) ಮತ್ತು ಪೈ ಚಾರ್ಟ್ (1801) ಎರಡನ್ನೂ ಬಳಕೆಗೆ ತಂದವರು ಒಬ್ಬರೇ, ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್.

ಕಾಲದೊಂದಿಗೆ ಏರಿಳಿಯುವುದನ್ನು ತೋರಿಸಲು ಲೈನ್ ಚಾರ್ಟ್. ವಿಭಾಗಗಳನ್ನು ಹೋಲಿಸಲು ಬಾರ್ ಚಾರ್ಟ್. ಬಾರ್‌ಗಳನ್ನು ಅಕಾರಾದಿಯಾಗಿ ಇಡದೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಹೆಸರುಗಳು ಉದ್ದವಾಗಿದ್ದರೆ ಬಾರ್‌ಗಳನ್ನು ಅಡ್ಡ ಮಲಗಿಸಿ, ಓದುವವರು ಕತ್ತು ವಾಲಿಸಬೇಕಾಗಿಲ್ಲ. ಪೈ ಬೇಕೇ ಬೇಕು ಎಂದು ಯಾರಾದರೂ ಹಟ ಹಿಡಿದರೆ ಎರಡು ಅಥವಾ ಮೂರು ತುಂಡಿಗೆ ಒಪ್ಪಿಕೊಳ್ಳಿ. ತ್ರೀಡಿಗೆ ಮಾತ್ರ ಒಪ್ಪಬೇಡಿ. ಅದರಲ್ಲಿ ಮುಂದಿನ ತುಂಡು ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿ ಕಾಣುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಸರಾಸರಿಯ ಬಗ್ಗೆ ಅನುಮಾನ ಇಟ್ಟುಕೊಳ್ಳಿ. ಸರಕು ತಲುಪಿಸಲು ಸರಾಸರಿ ಮೂರು ದಿನ ಎಂದರೆ ಎಲ್ಲರಿಗೂ ಮೂರು ದಿನಕ್ಕೆ ತಲುಪಿರಬಹುದು, ಬಹಳ ಮಂದಿಗೆ ಒಂದೇ ದಿನಕ್ಕೆ ತಲುಪಿ ಕೆಲವರು ಒಂಬತ್ತು ದಿನ ಕಾದಿರಲೂಬಹುದು. ಆ ಒಂಬತ್ತು ದಿನದವರೇ ದೂರು ಕೊಡುವವರು. ಎಷ್ಟು ದಿನಕ್ಕೆ ಎಷ್ಟು ಮಂದಿ ಎಂದು ಬಾರ್‌ಗಳಲ್ಲಿ ತೋರಿಸುವ ಹಿಸ್ಟೋಗ್ರಾಂ ಹಾಕಿದರೆ ಅವರು ಬಲತುದಿಯಲ್ಲಿ ಎದ್ದು ಕಾಣುತ್ತಾರೆ. ಎರಡು ಅಂಶಗಳ ನಂಟು ನೋಡಲು, ಪ್ರತಿಯೊಂದನ್ನೂ ಒಂದು ಚುಕ್ಕೆಯಾಗಿ ಇಡುವ ಸ್ಕ್ಯಾಟರ್ ಚಾರ್ಟ್ ಇದೆ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೋಂಬ್ ತಲಾ 11 ಬಿಂದುಗಳ ನಾಲ್ಕು ಗುಂಪು ಮಾಡಿ ತೋರಿಸಿದರು: ಸರಾಸರಿ, ಹರಡುವಿಕೆ, ಸಹಸಂಬಂಧ (ಎರಡು ಅಂಶಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ, ಚಾರ್ಟಿನಲ್ಲಿ ಹಾಕಿದರೆ ಒಂದಕ್ಕೊಂದು ಹೋಲಿಕೆಯೇ ಇಲ್ಲ.

ನಿಖರ ಅಂಕಿಯೇ ಬೇಕಿದ್ದರೆ ಟೇಬಲ್ ಹಾಕಿ. ಅದರಲ್ಲಿ ನಾಚಿಕೆಯೇನಿಲ್ಲ.

ಅಕ್ಷ ಮತ್ತು ಬಣ್ಣ

ಬಾರ್ ಚಾರ್ಟ್ ಸೊನ್ನೆಯಿಂದಲೇ ಶುರುವಾಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. 96 ಮತ್ತು 98ನ್ನು ತೋರಿಸುವಾಗ ಅಕ್ಷವನ್ನು 95ರಿಂದ ಶುರು ಮಾಡಿದರೆ ಎರಡನೆಯ ಬಾರ್ ಮೊದಲನೆಯದರ ಮೂರು ಪಟ್ಟು ಎತ್ತರ ಕಾಣುತ್ತದೆ. ಲೈನ್ ಚಾರ್ಟಿನಲ್ಲಿ ಕಣ್ಣು ಎತ್ತರಕ್ಕಿಂತ ಇಳಿಜಾರನ್ನು ನೋಡುವುದರಿಂದ ಅಲ್ಲಿ ಈ ನಿಯಮ ಸಡಿಲ. ಎಡಕ್ಕೊಂದು ಬಲಕ್ಕೊಂದು ಅಕ್ಷವಿರುವ ಚಾರ್ಟಿನಿಂದ ದೂರವಿರಿ. ಅಳತೆಯನ್ನು ಬೇಕಾದಂತೆ ಎಳೆದು ಯಾವ ಎರಡು ಗೆರೆಗಳನ್ನಾದರೂ ಜೊತೆಗೂಡಿಸಬಹುದು. ಎರಡು ಚಾರ್ಟ್ ಮಾಡಿ ಒಂದರ ಕೆಳಗೊಂದು ಇಡಿ.

ಬಣ್ಣಕ್ಕೆ ನನ್ನ ಪದ್ಧತಿ ಸರಳ: ಎಲ್ಲವೂ ಬೂದು, ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿ ಮಾತ್ರ ಬಣ್ಣ. ಕೆಂಪು ಕೆಟ್ಟದ್ದು, ಹಸಿರು ಒಳ್ಳೆಯದು ಎಂಬುದೊಂದನ್ನೇ ನಂಬಬೇಡಿ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಬೇರೆಡೆ ಈ ಪ್ರಮಾಣ ಕಡಿಮೆಯಿದ್ದರೂ ನಿಮ್ಮ ಸಭೆಯಲ್ಲಿ ಅಂಥವರೊಬ್ಬರು ಇದ್ದೇ ಇರಬಹುದು. ನೀಲಿ ಮತ್ತು ಕಿತ್ತಳೆ ಬಳಸಿ, ಜೊತೆಗೆ ಮೇಲೆ-ಕೆಳಗೆ ತೋರುವ ಬಾಣ ಹಾಕಿ.

ಜೋಡಿಸಿ, ತೋರಿಸಿ, ಕಿತ್ತುಹಾಕಿ

ಮುಖ್ಯ ಪ್ರಶ್ನೆಯ ಉತ್ತರ ಮೇಲಿನ ಎಡಮೂಲೆಯಲ್ಲಿರಲಿ, ಓದು ಅಲ್ಲಿಂದಲೇ ಶುರುವಾಗುವುದು. ಸ್ಕ್ರಾಲ್ ಮಾಡದೆ ಒಂದೇ ಪರದೆಯಲ್ಲಿ ಎಲ್ಲ ಕಾಣಬೇಕು. ನನ್ನ ಅನುಭವದಲ್ಲಿ ಐದಾರು ಚಾರ್ಟ್ ಮೀರಿದರೆ ಕಷ್ಟ. 'ಮಾಸಿಕ ಮಾರಾಟ' ಎಂಬ ಶೀರ್ಷಿಕೆಗಿಂತ 'ಮಾರಾಟ ಗುರಿಗಿಂತ ಹಿಂದಿದೆಯೇ?' ಎಂಬುದು ಹೆಚ್ಚು ಹೇಳುತ್ತದೆ. ದತ್ತಾಂಶ ಯಾವಾಗಿನದು ಎಂದು ಕೆಳಗೆ ಬರೆಯಿರಿ. ಗ್ರಾಹಕ ಎಂದರೆ ಖಾತೆ ತೆರೆದವರೋ ಖರೀದಿ ಮಾಡಿದವರೋ ಎಂಬುದನ್ನೂ ಬರೆಯಿರಿ. ಇಲ್ಲದಿದ್ದರೆ ಎರಡು ವಿಭಾಗಗಳು ಎರಡು ಲೆಕ್ಕ ಹಿಡಿದು ಬರುತ್ತವೆ, ಸಭೆಯ ಅರ್ಧ ಹೊತ್ತು ಅದರಲ್ಲೇ ಹೋಗುತ್ತದೆ.

ಮುಗಿಸಿದ ಮೇಲೆ, ಇದನ್ನು ಹಿಂದೆ ನೋಡಿರದ ಒಬ್ಬರಿಗೆ ಐದು ಸೆಕೆಂಡ್ ತೋರಿಸಿ, ಪರದೆ ಮುಚ್ಚಿ, ಏನು ಕಂಡಿತು ಎಂದು ಕೇಳಿ. 'ತುಂಬ ಚೆನ್ನಾಗಿದೆ' ಎಂದರೆ ಮತ್ತೆ ಕೂತು ತಿದ್ದಬೇಕು ಎಂದೇ ಅರ್ಥ.

ನನ್ನ ಎರಡನೇ ಡ್ಯಾಶ್‌ಬೋರ್ಡ್‌ನಲ್ಲಿ, ತಿಂಗಳ ಒಂದನೇ ತಾರೀಖಿನಿಂದ ಕೂಡುತ್ತ ಹೋಗುವ ಮಾರಾಟದ ಗೆರೆ ಒಂದು, ಪಕ್ಕದಲ್ಲೇ ಗುರಿಯ ಗೆರೆ ಇನ್ನೊಂದು. ಅದರ ಕೆಳಗೆ ಹಳೆಯದರಿಂದ ಉಳಿಸಿಕೊಂಡ ಎಂಟು ಚಾರ್ಟ್‌ಗಳು, ತೆಗೆಯಲು ಮನಸ್ಸು ಬಂದಿರಲಿಲ್ಲ. ಮುಂದಿನ ತಿಂಗಳು ಅವುಗಳಲ್ಲಿ ಆರನ್ನು ಯಾರಿಗೂ ಹೇಳದೆ ಅಡಗಿಸಿಟ್ಟೆ. ಕೇಳಿಕೊಂಡು ಬಂದವರು ಒಬ್ಬರೇ, ಅದೂ ಒಂದು ಟೇಬಲಿಗಾಗಿ.