ಅಟ್ಟ ಸೇರಿದ ಲ್ಯಾಪ್‌ಟಾಪಿಗೆ ಲಿನಕ್ಸ್: ಮೊದಲು ಪೆನ್‌ಡ್ರೈವ್‌ನಲ್ಲೇ ಓಡಿಸಿ ನೋಡಿ

ಹೊಸನಗರದ ಹತ್ತಿರದ ಹಳ್ಳಿಯಲ್ಲಿ ನನ್ನ ತಂಗಿಯ ಮನೆ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಫೋನ್ ಮಾಡಿದಳು. "ಅಣ್ಣ, ಹಳೇ ಲ್ಯಾಪ್‌ಟಾಪ್ ಅಟ್ಟಕ್ಕೆ ಹಾಕಿದೀನಿ. ಆನ್ ಆಗೋಕೇ ಹತ್ತು ನಿಮಿಷ ಬೇಕು. ವಿಂಡೋಸ್ 11 ಇದಕ್ಕೆ ಆಗಲ್ಲ ಅಂತ ಬರ್ತದೆ. ಗುಜರಿಗೆ ಕೊಟ್ಬಿಡ್ಲಾ?"

ಬೇಡ ಅಂದೆ. ಅದು 2015ರಲ್ಲಿ ಕೊಂಡದ್ದು, 4 ಜಿಬಿ ರಾಮ್ ಇದೆ. ಕೆಟ್ಟಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ವಿಂಡೋಸ್ ಕೇಳುವ ಚಿಪ್‌ಗಳು ಇಷ್ಟು ಹಳೆಯ ಯಂತ್ರದಲ್ಲಿ ಇರುವುದಿಲ್ಲ. ಇಂಥ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲೂ ಒಂದಿರಬಹುದು. ಅದಕ್ಕೆ ಲಿನಕ್ಸ್ ಹಾಕಬಹುದು, ಅಂದರೆ ವಿಂಡೋಸ್‌ನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ತಂತ್ರಾಂಶ. ಹಾಕುವ ಮೊದಲು, ಒಳಗಿರುವ ಏನನ್ನೂ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಹೊಸಬರು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲಿನಕ್ಸ್‌ನ ತಿರುಳನ್ನು 1991ರಲ್ಲಿ ಬರೆಯಲು ಶುರು ಮಾಡಿದ್ದು ಲಿನಸ್ ಟೋರ್ವಾಲ್ಡ್ಸ್. ಆಗ ಅವರು ಹೆಲ್ಸಿಂಕಿಯಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ ಅನ್ನುವುದು ಒಂದು ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ಇದರ ಸೋರ್ಸ್ ಕೋಡ್, ಅಂದರೆ ಇದನ್ನು ಬರೆದಿರುವ ಮೂಲ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಿಮ್ಮ ಪೆನ್‌ಡ್ರೈವ್‌ನಿಂದ ಪಕ್ಕದ ಮನೆಯವರ ಕಂಪ್ಯೂಟರಿಗೆ ಹಾಕಿಕೊಟ್ಟರೆ ಅದು ಕಳ್ಳ ಕಾಪಿ ಅಲ್ಲ. ಹಾಗೆ ಹಂಚಲೆಂದೇ ಇರುವುದು ಅದು.

ಯಾವುದನ್ನು ಆರಿಸುವುದು?

ಲಿನಕ್ಸ್‌ನಲ್ಲಿ ಉಬುಂಟು, ಡೆಬಿಯನ್, ಫೆಡೋರಾ ಅಂತ ತುಂಬಾ ಬಗೆಗಳಿವೆ. ಹೊಸಬರು ಇದರಲ್ಲೇ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ಸುಮ್ನೆ ಲಿನಕ್ಸ್ ಮಿಂಟ್ ತೆಗೆದುಕೊಳ್ಳಿ. ಕೆಳಗಡೆ ಮೆನು, ಮೂಲೆಯಲ್ಲಿ ಗಡಿಯಾರ, ವಿಂಡೋಸ್ ಬಳಸಿದವರಿಗೆ ಗಾಬರಿ ಆಗದ ಹಾಗಿದೆ. ಅದರಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಆವೃತ್ತಿ ಇವೆ. ರಾಮ್ 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಹಗುರ. 8 ಜಿಬಿ ಇದ್ದರೆ ಸಿನಮನ್ ಚೆನ್ನಾಗಿದೆ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ಇಳಿಸಿಕೊಳ್ಳುವುದು

ನಮ್ಮ ಕಡೆಯ ನಿಜವಾದ ಕಷ್ಟ ಇದು. ಫೈಲ್ ಹೆಚ್ಚೂಕಡಿಮೆ 3 ಜಿಬಿ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವ ಊರಿನಲ್ಲಿ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇಟ್ಟುಕೊಂಡು ಇದನ್ನು ಒಂದೇ ಏಟಿಗೆ ಇಳಿಸಲು ಆಗುವುದಿಲ್ಲ. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು.

ಇದಕ್ಕೆ ದಾರಿ ಟೊರೆಂಟ್, ಅಂದರೆ ಫೈಲನ್ನು ತುಂಡುತುಂಡಾಗಿ ಇಳಿಸುವ ವಿಧಾನ. ಮಿಂಟ್‌ನ ಸ್ವಂತ ವೆಬ್‌ಸೈಟಿನಲ್ಲೇ ಟೊರೆಂಟ್ ಲಿಂಕ್ ಇದೆ. ಕರೆಂಟ್ ಹೋಗಲಿ, ನೆಟ್ ಹೋಗಲಿ, ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ ಇಳಿಸಬಹುದು. ಬಂದ ತುಂಡುಗಳು ಸರಿಯಿವೆಯಾ ಅಂತಲೂ ಅದೇ ನೋಡಿಕೊಳ್ಳುತ್ತದೆ. ಇಲ್ಲವೆಂದರೆ ಶಿವಮೊಗ್ಗಕ್ಕೆ ಹೋದಾಗ ನೆಂಟರ ಮನೆಯ ವೈಫೈಯಲ್ಲಿ ಇಳಿಸಿಕೊಂಡು ಬನ್ನಿ. ತಂಗಿಗೆ ನಾನು ದುರ್ಗಿಗುಡಿಯಲ್ಲಿ ಕೂತು ಇಳಿಸಿ, ಪೆನ್‌ಡ್ರೈವ್ ತಯಾರು ಮಾಡಿ, ಬಸ್ಸಿಗೆ ಹೊರಟಿದ್ದ ಭಾವನ ಕೈಗೆ ಕೊಟ್ಟೆ.

ಪೆನ್‌ಡ್ರೈವ್ ತಯಾರಿ

8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ, ಆದ್ದರಿಂದ ಮದುವೆ ಫೋಟೊ ಇರುವುದನ್ನು ತೆಗೆದುಕೊಳ್ಳಬೇಡಿ. ಇಳಿಸಿದ ಫೈಲನ್ನು (ಇದಕ್ಕೆ ಐಎಸ್‌ಒ ಅನ್ನುತ್ತಾರೆ) ಸುಮ್ಮನೆ ಕಾಪಿ ಮಾಡಿದರೆ ಕೆಲಸ ಆಗುವುದಿಲ್ಲ. ವಿಂಡೋಸ್‌ನಲ್ಲಿ ರೂಫಸ್ ಅಥವಾ ಎಚರ್ ಅನ್ನುವ ಉಚಿತ ತಂತ್ರಾಂಶ ಬಳಸಿ ಬರೆಯಬೇಕು. ಫೈಲ್ ಆರಿಸಿ, ಪೆನ್‌ಡ್ರೈವ್ ಆರಿಸಿ, ಶುರು ಮಾಡಿ. ಸ್ವಲ್ಪ ಹೊತ್ತು ಕಾಯಿರಿ, ಅಷ್ಟೇ.

ಓಡಿಸಿ ನೋಡುವುದು

ಶಿಫ್ಟ್ ಕೀ ಒತ್ತಿ ಹಿಡಿದು ವಿಂಡೋಸ್ ಶಟ್‌ಡೌನ್ ಮಾಡಿ. ಆಗ ಅದು ಪೂರ್ತಿ ಆಫ್ ಆಗುತ್ತದೆ. ಪೆನ್‌ಡ್ರೈವ್ ಹಾಕಿ ಆನ್ ಮಾಡಿ, ಕೂಡಲೇ ಬೂಟ್ ಮೆನುವಿನ (ಯಾವುದರಿಂದ ಶುರುವಾಗಬೇಕು ಅಂತ ಕೇಳುವ ಪಟ್ಟಿ) ಕೀಯನ್ನು ಟಕಟಕ ಒತ್ತುತ್ತಿರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಆಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಬಂದ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಆಮೇಲೆ 'ಸ್ಟಾರ್ಟ್ ಲಿನಕ್ಸ್ ಮಿಂಟ್' ಅನ್ನುವ ಸಾಲು ಕಾಣುತ್ತದೆ, ಅದರ ಮೇಲೆ ಎಂಟರ್ ಒತ್ತಿ. ಪರದೆ ಕಪ್ಪಾಗಿ ನಿಂತುಬಿಟ್ಟರೆ ಮತ್ತೆ ಆನ್ ಮಾಡಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ.

ಈಗ ಕಾಣುವ ಪರದೆ ಪೂರ್ತಿ ಲಿನಕ್ಸ್. ಪೆನ್‌ಡ್ರೈವ್‌ನಿಂದ ಓಡುವುದರಿಂದ ಸ್ವಲ್ಪ ನಿಧಾನ. ಅಷ್ಟರಿಂದಲೇ ಅದನ್ನು ಅಳೆಯಬೇಡಿ. 'ಇನ್‌ಸ್ಟಾಲ್' ಅನ್ನುವ ಚಿತ್ರವನ್ನು ಸದ್ಯಕ್ಕೆ ಮುಟ್ಟಬೇಡಿ.

ಒಂದು ವಾರ ಹೀಗೇ ಬಳಸಿ. ವೈಫೈ ಸಿಗುತ್ತದಾ? ಸಿಗದಿದ್ದರೆ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಫೋನಿನ ನೆಟ್ ಕೊಡುವ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ, ಹೆಚ್ಚಿನ ಕಡೆ ನೆಟ್ ಬಂದುಬಿಡುತ್ತದೆ. ಸೌಂಡ್, ಕ್ಯಾಮೆರಾ, ಪ್ರಿಂಟರ್ ನೋಡಿ. ಮುಚ್ಚಳ ಮುಚ್ಚಿ ತೆಗೆದರೆ ಸರಿಯಾಗಿ ಎದ್ದೇಳುತ್ತದಾ ನೋಡಿ. ಫೈರ್‌ಫಾಕ್ಸ್‌ನಲ್ಲಿ ನಿಮ್ಮ ಬ್ಯಾಂಕಿನ ವೆಬ್‌ಸೈಟ್ ತೆರೆಯಿರಿ. ಎಂಎಸ್ ಆಫೀಸಿನಂಥ ಲಿಬ್ರೆಆಫೀಸ್‌ನಲ್ಲಿ ಅಡಿಕೆ ಲೆಕ್ಕದ ಹಳೆಯ ಎಕ್ಸೆಲ್ ಫೈಲ್ ತೆಗೆದು ನೋಡಿ. ಒಂದು ಎಚ್ಚರ: ಆಫ್ ಮಾಡಿದರೆ ಇಲ್ಲಿ ಬರೆದದ್ದು ಉಳಿಯುವುದಿಲ್ಲ. ಬೇಕಾದದ್ದನ್ನು ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಕನ್ನಡ ಬರೆಯುವುದು

ತಂಗಿಗೆ ಇದೇ ದೊಡ್ಡ ಚಿಂತೆ. ಸ್ವಸಹಾಯ ಸಂಘದ ನಡಾವಳಿ, ಪತ್ರ ಎಲ್ಲ ಅವಳೇ ಟೈಪ್ ಮಾಡುವುದು. ಬೆರಳಿಗೆ ನುಡಿ ಕೀಲಿಮಣೆ ಅಭ್ಯಾಸ ಆಗಿಹೋಗಿದೆ. ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಲೇಔಟ್ ಪಟ್ಟಿಯಲ್ಲಿ ಕನ್ನಡ ಹುಡುಕಲು ಹೇಳಿದೆ. ಅಲ್ಲಿ 'ಕಗಪ' ಅನ್ನುವ ಆಯ್ಕೆ ಇದೆ, ಅಂದರೆ ಕನ್ನಡ ಗಣಕ ಪರಿಷತ್ತು. ನುಡಿಯ ಕೀಲಿಮಣೆಯೇ ಅದು. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ಎಫ್. ಫೋನಿನಲ್ಲೇ ಅವಳ ದನಿ ಬದಲಾಯಿತು. "ಅಣ್ಣ, ಬರ್ತಾ ಇದೆ! ನಂದೇ ಕೀಬೋರ್ಡ್!"

ಹಳೆಯ ಫೈಲುಗಳ ಕಥೆ ಬೇರೆ. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದದ್ದು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫೈಲ್ ಹಾಳಾಗಿಲ್ಲ. ಆ ಫಾಂಟ್ ಹಾಕಿಕೊಂಡರೆ ಓದಬಹುದು. ಆದರೆ ಪರಿವರ್ತಕ ಬಳಸಿ ಒಮ್ಮೆ ಯುನಿಕೋಡಿಗೆ ತಂದುಬಿಡುವುದು ಒಳ್ಳೆಯದು. ಲಿನಕ್ಸ್‌ಗೆ ಬರದಿದ್ದರೂ ಈ ಕೆಲಸ ಮಾಡಿಟ್ಟುಕೊಳ್ಳಿ.

ಮನಸ್ಸಿಗೆ ಬಂದರೆ, ಆಮೇಲೆ

ಟ್ಯಾಲಿ, ಫೋಟೊಶಾಪ್ ಮೇಲೆ ನಿಮ್ಮ ಹೊಟ್ಟೆಪಾಡು ನಿಂತಿದ್ದರೆ ವಿಂಡೋಸ್ ತೆಗೆಯಬೇಡಿ. ಅವು ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಜಾಗ ಇದ್ದರೆ ಎರಡನ್ನೂ ಅಕ್ಕಪಕ್ಕ ಇಡಬಹುದು. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಜೊತೆಗೇ ಹಾಕುವ ಆಯ್ಕೆ ಸಾಮಾನ್ಯವಾಗಿ ಬರುತ್ತದೆ. ಆದರೆ 'ಎರೇಸ್ ಡಿಸ್ಕ್' ಆರಿಸಿದರೆ ಎಲ್ಲವೂ ಹೋಗುತ್ತದೆ, ವಾಪಸ್ ಬರುವುದಿಲ್ಲ. ಯಾವುದನ್ನು ಆರಿಸಿದರೂ ಮೊದಲು ಫೋಟೊ, ಕಾಗದಪತ್ರಗಳನ್ನೆಲ್ಲ ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ನಂಬಬೇಡಿ. ಜೋರು ಮಳೆ ಹೊಡೆಯುವ ಸಂಜೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಅರ್ಧದಲ್ಲಿ ಕರೆಂಟ್ ಹೋದರೆ ಕಷ್ಟ. ಯುಪಿಎಸ್ ಇರುವ ಮನೆಯಲ್ಲಿ ಕೂತು ಮಾಡಿದರೆ ಇನ್ನೂ ಒಳ್ಳೆಯದು. ತಂಗಿ ಮೂರು ವಾರ ಪೆನ್‌ಡ್ರೈವ್‌ನಲ್ಲೇ ಓಡಿಸಿ, ಬಿಸಿಲಿದ್ದ ಒಂದು ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಹಾಕಿದಳು. ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು.

ಹಾಕಿದ ದಿನವೇ ಅಪ್‌ಡೇಟ್ ಮ್ಯಾನೇಜರ್ ತೆರೆದು ಬಾಕಿ ಇರುವುದನ್ನೆಲ್ಲ ಹಾಕಿಕೊಳ್ಳಿ. ಟೈಮ್‌ಶಿಫ್ಟ್ ಅನ್ನುವುದನ್ನು ಆನ್ ಮಾಡಿಡಿ. ಮುಂದೆ ಯಾವುದಾದರೂ ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ತರಲು ಬೇಕಾಗುತ್ತದೆ. ನಿಮ್ಮ ಫೋಟೊ, ಫೈಲುಗಳ ಬ್ಯಾಕಪ್ ಅದು ಮಾಡುವುದಿಲ್ಲ, ಅದನ್ನು ನೀವೇ ಮಾಡಿಕೊಳ್ಳಬೇಕು.

ಇನ್ನು ಆ ಪೆನ್‌ಡ್ರೈವ್. ಅದನ್ನು ಅಳಿಸಬೇಡಿ. ಒಂದು ದಿನ ಮನೆಯ ಯಾವುದಾದರೂ ಕಂಪ್ಯೂಟರ್ ಏಳದೆ ಹಟ ಹಿಡಿದರೆ, ಅದನ್ನು ಹಾಕಿ ಬೂಟ್ ಮಾಡಿ, ಒಳಗಿನ ಫೈಲುಗಳನ್ನು ಹೊರಗೆ ತೆಗೆಯಬಹುದು. ತಂಗಿ ಅದನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ, ಸಂಘದ ಲೆಕ್ಕದ ಪುಸ್ತಕದ ಪಕ್ಕ ಇಟ್ಟಿದ್ದಾಳೆ.